ಕಡಲಾಚೆಯವರ ಎಲೆ

ಶಾಲಿವಾಹನ ಶಕ ೨೧೯೯, ಭಾದ್ರಪದ ಅಮಾವಾಸ್ಯೆ
ತೇಲುಕೇರಿಯಿಂದ

ಹೊನ್ನಳಿವೆಯ ಹಿರಿಯರಿಗೆ ರುಕ್ಕು ಮಾಡುವ ನಮಸ್ಕಾರಗಳು.

ತಾರೀಖು ನೋಡಿ, ಇದು ಯಾರದೋ ಕುಚೇಷ್ಟೆ ಎಂದು ಹರಿದು ಹಾಕಬೇಡಿ. ನಾನು ನಿಮ್ಮ ಮರಿಮಕ್ಕಳ ಮರಿಮಗಳು; ನೀವು ಹೋಗಿ ಎಷ್ಟೋ ಕಾಲವಾದ ಮೇಲೆ ಹುಟ್ಟಿದವಳು. ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಕನ್ನಡ ಆಡಲು ಇಲ್ಲಿ ನನಗೆ ಈಗ ಜೊತೆಯಿಲ್ಲ.

ತೇಲುಕೇರಿ ಎಂದರೆ ನೆಲ ಕಳೆದುಕೊಂಡವರಿಗಾಗಿ, ಉತ್ತರದ ತಣ್ಣನೆಯ ಸಮುದ್ರದ ಮೇಲೆ ತೆಪ್ಪಗಳನ್ನು ಬಿಗಿದು ಮಾಡಿದ ಊರು. ಇಲ್ಲಿ ಒಲೆ ಹೊತ್ತಿಸುವಂತಿಲ್ಲ. ಬೆಳಿಗ್ಗೆ ಒಬ್ಬೊಬ್ಬರಿಗೂ ಅಚ್ಚೂಟ ಕೊಡುತ್ತಾರೆ. ಪಾಚಿಯನ್ನು ಅಚ್ಚಿನಲ್ಲಿ ಒತ್ತಿದ ಬಿಲ್ಲೆ ಅದು, ಸಾಬೂನಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಬಾಳೆಯಿಲ್ಲ, ಕಾಗೆಯಿಲ್ಲ. ಕಾಗೆಗಾಗಿ ಅಳುವ ಕಾಲ ಬರುತ್ತದೆಂದು ಯಾರಾದರೂ ಹೇಳಿದ್ದರೆ ನೀವು ನಕ್ಕುಬಿಡುತ್ತಿದ್ದಿರಿ.

ನಮ್ಮ ಅಳಿವೆಯಲ್ಲಿ ರೋಮನ್ ವ್ಯಾಪಾರಿಗಳು ಹಡಗು ನಿಲ್ಲಲು ಕಟ್ಟಿದ ಧಕ್ಕೆಯ ಅವಶೇಷ ನಿಮ್ಮ ಕಣ್ಣೆದುರೇ ಇದೆ. ಹಡಗು ಹಿಂದಿರುಗುವ ಮೊದಲೇ ಜ್ವರ ಬಂದು ಸತ್ತ ಆ ಪರದೇಶಿಗಳಿಗೆ ಹಿಂದೆಮುಂದೆ ಯಾರೂ ಇಲ್ಲವೆಂದು, ಮಹಾಲಯದ ದಿನ ಪ್ರತಿ ಮನೆಯವರೂ ಅಲ್ಲಿ ಅವರಿಗೊಂದು ಎಲೆ ಹಾಕುತ್ತೀರಿ. ಖಾರ ತಡೆಯಲಾರರೆಂದು ಮೆಣಸು ಹಾಕದ ಮೀನುಸಾರು ಬೇರೆ! ಹೆಸರು ಗೊತ್ತಿಲ್ಲದ್ದರಿಂದ 'ಕಡಲಾಚೆಯವರೇ, ಬನ್ನಿ' ಎಂದು ಕರೆಯುತ್ತೀರಿ. ಕಡಲ ಕಡೆಯಿಂದ ಕಾಗೆ ಬಂದು ಮುಟ್ಟಿದರೆ ಅವರು ಉಂಡರೆಂದು ಲೆಕ್ಕ. ನಿಮಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ. ಬರೆಯುತ್ತಿದ್ದರೆ ಊರು ಕಂಡಂತಾಗುತ್ತದೆ.

ಆ ಎಲೆ ಹಾಕಿದವರಲ್ಲಿ ನನ್ನನ್ನು ಹೆತ್ತ ಅಬ್ಬೆ ಬಾಬಿಯೇ ಕೊನೆಯವಳು. ಕಡಲು ಊರಿಗೆ ನುಗ್ಗಿ ಎಲ್ಲರೂ ಹಡಗು ಹತ್ತುವಾಗ ಅವಳು ಧಕ್ಕೆಯಲ್ಲೇ ಕುಳಿತಿದ್ದಳು. "ಇವ್ರನ್ನ್ ಬಿಟ್ಟಿಕಿ ಹ್ಯಾಂಗ್ ಹೋಪುದ್ ಮಗಾ? ಇವ್ರಿಗ್ ಇಲ್ಲ್ ಯಾರಿದ್ರ್?" ಎಂದಳು. ಕೊನೆಗೆ ಎತ್ತಿಕೊಂಡೇ ಬರಬೇಕಾಯಿತು.

ಕಳೆದ ಚಳಿಗಾಲದಲ್ಲಿ ಅವಳು ಇಲ್ಲಿ ತೀರಿಕೊಂಡಳು. ಇಲ್ಲಿಯವರು ಕೆಟ್ಟವರಲ್ಲ, ಬಟ್ಟೆ ಸುತ್ತಿ, ಮರ್ಯಾದೆಯಿಂದಲೇ ನೀರಿಗೆ ಬಿಟ್ಟರು. ಆದರೆ ಸತ್ತವರಿಗೂ ಹಸಿವಾಗುತ್ತದೆಂಬುದು ಅವರಿಗೆ ಗೊತ್ತಿಲ್ಲ. ಇವತ್ತು ಅಚ್ಚೂಟವನ್ನೇ ತಟ್ಟೆಯಲ್ಲಿಟ್ಟು ಸಂಜೆಯವರೆಗೆ ಕಾದೆ. ಒಂದು ಹಕ್ಕಿಯೂ ಬರಲಿಲ್ಲ. ನನಗೂ ವಯಸ್ಸಾಯಿತು, ಮಕ್ಕಳಿಲ್ಲ. ಮುಂದೆ ತಟ್ಟೆ ಇಡುವವರೂ ಇರುವುದಿಲ್ಲ.

ಅದಕ್ಕೇ ನಿಮ್ಮನ್ನು ಬೇಡುತ್ತಿದ್ದೇನೆ. ನಿಮ್ಮಲ್ಲಿ ಒಲೆ ಉರಿಯುತ್ತಿದೆ, ಓಡಿಸಿದರೂ ಹೋಗದಷ್ಟು ಕಾಗೆಗಳಿವೆ. ಈ ಸಲ ಧಕ್ಕೆಯ ಮೇಲೆ ಇನ್ನೊಂದು ಎಲೆ ಹಾಕಿ. ಬಾಬಿ ಎಂದು ಹೆಸರು ಹಿಡಿದು ಕರೆಯಿರಿ. ಅವಳಿನ್ನೂ ಹುಟ್ಟಿಲ್ಲ, ನನಗೆ ಗೊತ್ತು. ಆದರೂ ಹಾಕಿ. ನನ್ನ ಅಬ್ಬೆ ಹಸಿದಿದ್ದಾಳೆ.