ಮೋಟಾರ್ ಹಾಕುವ ಮುನ್ನ

ರೀ,

ಕಾಫಿ ಹೂವಿಗೆ ನೀರು ಹಾಯಿಸುವುದು ಮೇಲಿನ ತೋಟಕ್ಕೆ ಇನ್ನೂ ಬಾಕಿ ಇದೆ, ಗೊತ್ತು. ಆದರೂ ನಾನು ಬರುವ ತನಕ ಮೊಬೈಲಿನಿಂದ ಮೋಟಾರ್ ಹಾಕಬೇಡಿ. ಅದಕ್ಕೇ ಚೀಟಿಯನ್ನು ಮೊಬೈಲಿಗೇ ಸುತ್ತಿದ್ದೇನೆ. ಪಂಪ್‌ಹೌಸಿನಲ್ಲೇ ಮೇನ್ ಸ್ವಿಚ್ ಆಫ್ ಮಾಡೋಣವೆಂದರೆ ಕೀ ತೋಟದ ರೈಟರ್ ಉದಯನ ಹತ್ತಿರ, ಅವನು ಕುಟ್ಟ ಪೇಟೆಗೆ ಹೋಗಿದ್ದಾನೆ.

ಟ್ರಯಥ್ಲಾನ್ ಕೋಚ್ ಮೋನಿಷಾ ಇವತ್ತು ನಮ್ಮ ಕೆರೆಯಲ್ಲೇ ಈಜಲು ಹೇಳಿದ್ದಾರೆ. ಸೊಂಟಕ್ಕೆ ಹಗ್ಗ ಕಟ್ಟಿ ಹಿಡಿದುಕೊಳ್ಳಿ ಎಂದೆ. ನನಗೆ ನೀರಿನ ಭಯ ಎಂದುಕೊಂಡಿದ್ದಾರೆ.

ಮೊನ್ನೆ ನೀವು ಹಾಸಿಗೆಯಿಂದಲೇ ಮೋಟಾರ್ ಹಾಕಿದಾಗ ನಾನು ನೀರಿನಲ್ಲಿದ್ದೆ. ನೀರೆಳೆಯುವ ಪೈಪು ಕಾಲನ್ನು ಎಳೆದುಕೊಂಡಿತು. ಕರೆಂಟ್ ಹೋಗದಿದ್ದರೆ ಬಿಡುತ್ತಿರಲಿಲ್ಲ. ಕಾಲಿಗೇನಾಯ್ತು ಎಂದು ಕೇಳಿದಿರಿ, ಜಾರಿದೆ ಎಂದೆ.

ಕಡುಬು ಮುಚ್ಚಿಟ್ಟಿದ್ದೇನೆ, ಆಮೇಲೆ ತಿನ್ನಿ. ಮೊದಲು ಕೆರೆ ದಡಕ್ಕೆ ಬಂದು ನಿಲ್ಲಿ. "ಈ ಪ್ರಾಯದಲ್ಲಿ ಯಾರಿಗೆ ತೋರಿಸ್ಲಿಕ್ಕೆ?" ಅಂತ ಮೋನಿಷಾ ಎದುರು ಮಾತ್ರ ಕೇಳಬೇಡಿ. ಬಂದರೆ ಮೊನ್ನೆಯದು ಚುಕ್ತಾ.

ನರ್ಮದಾ