ಬಂಗಾರಮ್ಮ ಬಿಚ್ಚದ ಟ್ರಂಕು

ಶಿಕಾರಿಪುರ
೧೦-೨-೧೯೫೮, ಸೋಮವಾರ

ಪ್ರೀತಿಯ ಅಳಿಯ ಲೋಕಪ್ಪನಿಗೆ,

ಈ ಚಳಿಯಲ್ಲೂ ಮಗಳು ಮಂಗಳಾ ಕಂಬಳಿ ಕಿತ್ತೊಗೆದು, ಬಾಗಿಲು ತೆರೆದು ನಿಲ್ಲುತ್ತಾಳೆ ಎಂದೆಯಲ್ಲ, ನಿನ್ನೆ ನೀನು ಬಸ್ಸು ಹತ್ತಿ ಹೋದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ತಡಿ, ಕ್ಷೇಮ ಕೇಳುವುದನ್ನೇ ಮರೆತೆ. ಉಳವಿಗೆ ಹೊತ್ತಿಗೆ ಸರಿಯಾಗಿ ತಲುಪಿದೆಯಾ? ನಿನ್ನ ಮಂಡಿನೋವು ಹೇಗಿದೆ? ನಿನ್ನ ತಾಯಿ, ಅಂದರೆ ನನ್ನ ಅಕ್ಕ, ಈ ಸಲ ಕೆಮ್ಮುತ್ತಿಲ್ಲ ತಾನೆ? ನನ್ನದೇನು, ಎಪ್ಪತ್ತರ ಮುದುಕ ಎಷ್ಟು ಗಟ್ಟಿ ಇರಬಹುದೋ ಅಷ್ಟಿದ್ದೇನೆ.

ನಿನ್ನೆ ನೀನು ಜಗಲಿಯ ಮೇಲೆ ಕೂತು, ಪಕ್ಕದ ಮನೆಗೆ ಕೇಳಿಸೀತೆಂದು ದನಿ ತಗ್ಗಿಸಿ ಹೇಳಿದ್ದೆಲ್ಲ ನೆನಪಿದೆ. "ಮಾವ, ಸಾರಿಗೆ ಉಪ್ಪು ಕಮ್ಮಿ ಅಂದ್ರೆ ಅಳ್ತಾಳೆ. ಚೆನ್ನಾಗಿದೆ ಅಂದ್ರೆ, ನನ್ನನ್ನ ಆಡ್ಕೊಳ್ತೀರಾ ಅಂತ ಬೈತಾಳೆ. ತಿಂಗಳದ್ದೂ ಸರಿ ಇಲ್ಲ, ಒಂದ್ಸಲ ಮೂರು ತಿಂಗಳು ಇಲ್ಲ, ಒಂದ್ಸಲ ಹದಿನೈದೇ ದಿನಕ್ಕೆ. ಒಂದಾರು ತಿಂಗಳು ನಿಮ್ಮ ಹತ್ರ ಇರ್ಲಿ, ಹವಾ ಬದಲಾದ್ರೆ ಸುಧಾರಿಸ್ತಾಳೆ." ನಾನು ಹೂಂ ಎಂದೆ, ಗುರುವಾರದ ಬಸ್ಸಿಗೆ ಕಳಿಸು ಎಂದೆ. ಯಾಕೆ ಅಷ್ಟು ಬೇಗ ಒಪ್ಪಿದೆ ಗೊತ್ತಾ? ನನಗೆ ಖುಷಿಯಾಯಿತು. ನಿನ್ನ ಅತ್ತೆ ಬಂಗಾರಮ್ಮ ತೀರಿಕೊಂಡ ಮೇಲೆ ಏಳು ವರ್ಷದಿಂದ ನಾನೇ ಬೇಯಿಸಿ ನಾನೇ ಉಣ್ಣುತ್ತಿರುವ ಮನೆಯಲ್ಲಿ ಮತ್ತೆ ರೊಟ್ಟಿ ತಟ್ಟುವ ಸದ್ದು ಕೇಳುತ್ತದೆ ಎಂದು. ಮಗಳ ಸಂಕಟದಲ್ಲಿ ನನ್ನ ಖುಷಿ! ನೀನು ಹೋದದ್ದೇ ತಡ, ಒಳಕೋಣೆ ಗುಡಿಸಲು ಹೊರಟೆ. ಮಂಚದ ಕೆಳಗೆ ಪೊರಕೆಗೆ ತಗುಲಿದ್ದು ನಿನ್ನ ಅತ್ತೆಯ ಹಸಿರು ಟ್ರಂಕು. ಅಲ್ಲೇ ಕೂತುಬಿಟ್ಟೆ.

ನಲವತ್ತೆರಡನೇ ಇಸವಿ ನಿನಗೂ ನೆನಪಿರಬೇಕು. ಇದ್ದಿಲು ಉರಿಸಿ ಓಡುವ ಬಸ್ಸಿನಲ್ಲಿ ಮೈಯೆಲ್ಲ ಮಸಿಯಾಗಿ ನಾನು ಬಂಗಾರಮ್ಮನನ್ನು ಶಿವಮೊಗ್ಗದ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವಳಿಗಾಗ ನಲವತ್ತಾರು, ಈಗಿನ ಮಂಗಳಾಗಿಂತ ಎರಡು ವರ್ಷ ದೊಡ್ಡವಳು. ಅವಳಿಗೂ ಇದೇ. ಮಾತಾಡುತ್ತಿದ್ದಂತೆ ಕುತ್ತಿಗೆಯಿಂದ ಮೇಲೆ ಕೆಂಪೇರಿ ಬೆವರುವುದು, ನಿದ್ದೆಯಿಲ್ಲದಿರುವುದು, ಒಲೆಯ ಮೇಲೆ ಹಾಲಿಟ್ಟು ಮರೆಯುವುದು. ಡಾಕ್ಟರು ಮಂಗಳೂರ ಕಡೆಯವರು, ಪಾಪ, ಕನ್ನಡದಲ್ಲೇ ಶುರುಮಾಡಿದ್ದರು. ನಾನು ಬಿಡಬೇಕಲ್ಲ! ಮೈಸೂರಿನಲ್ಲಿ ಎಫ್.ಎ. ಕ್ಲಾಸಿನ ಬೆಂಚನ್ನು ಒಂದೂವರೆ ವರ್ಷ ಸವೆಸಿದವನು. "ಮೇಡಂ, ಸ್ಪೀಕ್ ಇಂಗ್ಲಿಷ್, ಐ ಆಮ್ ಕಾಲೇಜ್ ಮ್ಯಾನ್" ಎಂದೆ. ಆಕೆ ಬಂಗಾರಮ್ಮನ ಮುಖವನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿ, "ಇಟ್ ಈಸ್ ಓನ್ಲಿ ದ ಚೇಂಜ್ ಆಫ್ ಲೈಫ್" ಎಂದರು. ಇನ್ನೂ ಏನೇನೋ ಹೇಳಿದರು. ನನಗೆ ದಕ್ಕಿದ್ದು ಚೇಂಜ್ ಒಂದೇ. ನಮ್ಮ ಕಾಲೇಜಿನ ದೊರೆ ಮೇಷ್ಟ್ರು ಬೇಸಿಗೆ ಬಂದರೆ ಊಟಿಗೆ ಚೇಂಜ್ ಎಂದು ಹೋಗುತ್ತಿದ್ದರಲ್ಲ, ಇದೂ ಅದೇ ಅಂದುಕೊಂಡೆ. ಹೊರಗೆ ಬಂದು, "ನಿನಗೆ ಹವಾ ಬದಲಾವಣೆ ಬೇಕಂತೆ" ಎಂದೆ. "ಎಲ್ಲಿಗ್ರೀ?" ಎಂದಳು. "ತವರಿಗೆ. ಆರು ತಿಂಗಳು." ಆರು ತಿಂಗಳೆಂದು ಆ ಡಾಕ್ಟರು ಹೇಳಿರಲೇ ಇಲ್ಲ, ಇಂಗ್ಲಿಷಿನ ಗತ್ತಿನಲ್ಲಿ ನಾನೇ ಸೇರಿಸಿದ್ದು.

ಅವಳ ತವರು ಬಂದಳಿಕೆಗೆ ಗಾಡಿ ಹೊಡೆದವನು ನೀನೇ. ದಾರಿಯುದ್ದಕ್ಕೂ ಅತ್ತೆ ಒಂದು ಮಾತೂ ಆಡಲಿಲ್ಲ ಎಂದು ಬಂದು ಹೇಳಿದ್ದೆ. ತೂಕಡಿಸಿರಬೇಕು ಬಿಡು ಎಂದಿದ್ದೆ ನಾನು.

ಆರು ತಿಂಗಳಾದ ಮೇಲೆ ಬಂದಳು. ಸೆಕೆ ಹಾಗೇ ಇತ್ತು, ನಿದ್ದೆ ಇನ್ನೂ ಬರುತ್ತಿರಲಿಲ್ಲ. ನಿಮ್ಮ ಚೇಂಜಿನಿಂದ ಏನೂ ಆಗಲಿಲ್ಲ ಎಂದು ಜಗಳ ಕಾಯಲು ನಾನೊಬ್ಬನೇ ಶಿವಮೊಗ್ಗಕ್ಕೆ ಹೋದೆ. ಆಕೆ ತಲೆಗೆ ಕೈ ಹಚ್ಚಿದರು. "ಎಂತ ಮಾರಾಯ್ರೆ, ಊರು ಬಿಡಿಸಿ ಅಂತ ನಾನು ಹೇಳಿದ್ದಾ?" ಎಂದು ಈ ಸಲ ಕನ್ನಡದಲ್ಲೇ ತಿಳಿಸಿದರು. ಈ ವಯಸ್ಸಿಗೆ ಮುಟ್ಟು ನಿಲ್ಲುವ ಕಾಲ ಬರುತ್ತದಂತೆ, ಚೇಂಜ್ ಆಫ್ ಲೈಫ್ ಅಂದರೆ ಅದೇ ಅಂತೆ. ಒಂದೇ ದಿನಕ್ಕೆ ನಿಲ್ಲುವುದಿಲ್ಲ, ಕೆಲವು ವರ್ಷ ಹಿಂದೆಮುಂದೆ ಆಡಿಸುತ್ತದಂತೆ. ಸೆಕೆ, ಸಿಟ್ಟು, ಅಳು, ಮರೆವು ಎಲ್ಲ ಅದರ ಜೊತೆಗಾರರು. ರೋಗವೂ ಅಲ್ಲ, ತಲೆ ಕೆಟ್ಟಿದ್ದೂ ಅಲ್ಲ. ತೆಳ್ಳನೆಯ ನೂಲಿನ ಸೀರೆ ಉಡಲಿ, ಕಿಟಕಿ ತೆರೆದು ಮಲಗಲಿ, ಕಾಫಿ ಖಾರ ಕಡಿಮೆ ಮಾಡಲಿ, ಬೆಳಗ್ಗೆ ನಡೆಯಲಿ, ಒಲೆಯ ಮುಂದೆ ಸದಾ ಅವಳನ್ನೇ ಕೂರಿಸಬೇಡಿ ಎಂದರು. ಆದರೆ ಸ್ರಾವ ವಿಪರೀತವಾದರೆ, ಎಂಟು ಹತ್ತು ದಿನಕ್ಕೂ ನಿಲ್ಲದಿದ್ದರೆ, ಅಥವಾ ವರ್ಷ ನಿಂತು ಮತ್ತೆ ಕಾಣಿಸಿದರೆ, ತಡಮಾಡದೆ ಕರೆತನ್ನಿ ಎಂದರು. ಇದನ್ನು ನೀನೂ ಮರೆಯಬೇಡ. ಅಳಿಯನಿಗೆ ಇಷ್ಟು ಬಿಡಿಸಿ ಬರೆಯಲು ಸಂಕೋಚವೇ. ಅರ್ಥವಾಗದ್ದನ್ನು ಬಿಡಿಸಿ ಕೇಳಲು ಆಗ ನಾನು ಪಟ್ಟ ಇಂಥದೇ ಸಂಕೋಚ ತಾನೆ ಅವಳ ಆರು ತಿಂಗಳನ್ನು ಕಳೆದದ್ದು.

ಮನೆಗೆ ಬಂದು ಬಂಗಾರಮ್ಮನಿಗೆ ಎಲ್ಲ ಹೇಳಿದೆ. ತಟ್ಟುತ್ತಿದ್ದ ರೊಟ್ಟಿಯ ಮೇಲೆ ಅವಳ ಕೈ ನಿಂತಿತು. "ನಾನಿನ್ನು ಬೇಡಾದೆ ಅಂತ ಕಳಿಸಿದ್ರಿ ಅಂದ್ಕೊಂಡಿದ್ದೆ ಕಣ್ರೀ" ಎಂದಳು. ಆಮೇಲೆ, "ನಿಮ್ಮ ಇಂಗ್ಲಿಷು ನನ್ನ ಆರು ತಿಂಗಳು ತಿಂತಲ್ಲ!" ಎಂದು ನಕ್ಕಳು. ನಾನೂ ನಕ್ಕೆ. ಆದರೆ ತವರಿಂದ ತಂದ ಟ್ರಂಕನ್ನು ಅವಳು ಬಾಗಿಲ ಪಕ್ಕದಿಂದ ಸರಿಸಲಿಲ್ಲ. ಬೇಕಾದ ಸೀರೆ ತೆಗೆದು ಉಡುವಳು, ಒಗೆದು ಮಡಿಸಿ ಮತ್ತೆ ಅದರಲ್ಲೇ ಇಡುವಳು. ನಾಲ್ಕು ತಿಂಗಳು ಹೀಗೇ. ನಗು ಬೇಗ ಬಂತು, ನಂಬಿಕೆ ಬರಲಿಲ್ಲ. ನಾನೂ ಕೇಳಲಿಲ್ಲ, ಒಳಗೆ ತೆಗೆದಿಡಲೂ ಇಲ್ಲ.

ಬೆಳಗ್ಗೆ ಇಬ್ಬರೂ ಹುಚ್ಚರಾಯನ ಕೆರೆ ಏರಿಯ ಮೇಲೆ ನಡೆಯುತ್ತಿದ್ದೆವು. ಅವಳು ಮುಂದೆ, ನಾನು ಹಿಂದೆ. "ಸಾಹುಕಾರ್ರು ಹೆಂಡ್ತಿ ಕಾಯಾಕೆ ಹೊಂಟಾರೆ" ಎಂದು ಅಗಸರ ಹುಚ್ಚಮ್ಮ ಬಟ್ಟೆ ಒಗೆಯುತ್ತಲೇ ಕೂಗುತ್ತಿದ್ದಳು. ಮಧ್ಯಾಹ್ನದ ಒಲೆ ನನ್ನ ಪಾಲಿಗೆ ಬಂತು. ಇವತ್ತು ನಾನು ಉಣ್ಣುವ ಅನ್ನ ಆಗ ಕಲಿತದ್ದೇ. ಮೂರು ವರ್ಷದಲ್ಲಿ ಎಲ್ಲ ತಣ್ಣಗಾಯಿತು. ಆಮೇಲಿನ ಆರು ವರ್ಷ ನಾವಿಬ್ಬರೂ ಆಡಿದಷ್ಟು ಮಾತು ಅದಕ್ಕೂ ಮುಂಚೆ ಎಂದೂ ಆಡಿರಲಿಲ್ಲ. ಬೇಸಿಗೆಯ ಒಂದು ಸಂಜೆ ಅವಳು ಏರಿಯ ಕಲ್ಲಿನ ಮೇಲೆ ಕೂತು... ಅಕ್ಷರಗಳು ಒಂದರ ಮೇಲೊಂದು ಹತ್ತುತ್ತಿವೆ. ತಲೆಯೆತ್ತಿದರೆ ಬೆಳಕೇ ಹೋಗುತ್ತಿದೆ. ಇಲ್ಲಿಗೇ ಬಿಡುತ್ತೇನೆ.

ಅಕ್ಕನಿಗೆ ನನ್ನ ಶರಣು. ಮಂಗಳಾಳನ್ನೂ ನಿನ್ನನ್ನೂ ಶಿವ ತಂಪಾಗಿಟ್ಟಿರಲಿ.

ನಿನ್ನ ಮಾವ,
ಮಹೇಶ್ವರಪ್ಪ

ತಾ.ಕ.: ಬರೆಯಬೇಕಾದ್ದನ್ನೇ ಬಿಟ್ಟೆ. ನಿನ್ನೆಯ ಹೂಂ ವಾಪಸ್ಸು. ಗುರುವಾರ ಮಂಗಳಾಳನ್ನು ಬಸ್ಸು ಹತ್ತಿಸಬೇಡ. ಅವಳಿಗೇ ತವರು ನೋಡಬೇಕೆನಿಸಿದರೆ ನೀನೂ ಬಾ, ಎಂಟು ದಿನ ಇದ್ದು ಇಬ್ಬರೂ ಕೂಡಿಯೇ ಹೋಗಿ. ಕೋಣೆ ಹೇಗೂ ಗುಡಿಸಿದ್ದೇನೆ. ಅಂಚೆಗೆ ಹಾಕಿದರೆ ತಡವಾದೀತೆಂದು ಬೆಳಗಿನ ಸೊರಬದ ಬಸ್ಸಿನ ಕಂಡಕ್ಟರ್ ಗುತ್ಯಪ್ಪನ ಕೈಯಲ್ಲಿ ಕೊಡುತ್ತೇನೆ. ಅಷ್ಟರಲ್ಲಿ ಅವಳು ಟ್ರಂಕು ತುಂಬಿಟ್ಟಿದ್ದರೆ, ಬಿಚ್ಚು ಎಂದು ಅವಳಿಗೆ ಹೇಳಬೇಡ. ನೀನೇ ಕೂತು, ಒಂದೊಂದೇ ಸೀರೆ ತೆಗೆದು ಒಳಗಿಡು.