ಟೇಪು ಕಾಯುವುದಿಲ್ಲ

ಪಂಪ್‌ಹೌಸ್ ಹಿಂದಿನ ಮನೆ
ಭಾನುವಾರ, ಊಟವಾದ ಮೇಲೆ

ಪ್ರೀತಿಯ ಗುಬ್ಬಿಮರಿಗೆ ಮಾಮನ ಆಶೀರ್ವಾದ.

ಹೇಗಿದ್ದೀಯ? ಬೆನ್ನುನೋವು ಇಳಿಯಿತೆ? ಕುರ್ಚಿಯಲ್ಲಿ ಕೊಕ್ಕರೆಯ ಹಾಗೆ ಕೂರಬೇಡ ಎಂದರೆ ಕೇಳುವವಳಲ್ಲ ನೀನು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನ ಅಮ್ಮನೂ ಚೆನ್ನಾಗಿದ್ದಾಳೆ, ಅಂದರೆ ನನ್ನನ್ನು ಬಯ್ಯುವಷ್ಟು ಉಸಿರಿದೆ.

ಮೊನ್ನೆ ಫೋನಿನಲ್ಲಿ ನೀನಂದದ್ದು ಗಂಟಲಲ್ಲಿ ಮುಳ್ಳಾಗಿ ಕೂತಿದೆ. ನೀವು ಕೆಲವರು ಸೇರಿ ನೋಡಿಕೊಳ್ಳುವ ಕರ್ನಲ್‌ನಿಂದ, ಅಂದರೆ ಕಂಪ್ಯೂಟರಿನ ಒಳಗೆ ಕೂತು ಎಲ್ಲರಿಗೂ ಕೆಲಸ ಹಂಚುವ ಆ ಮೇಸ್ತ್ರಿಯಿಂದ, ಹಳೇ ಟೇಪು ಓದುವ ನಮ್ಮ ಪೆಟ್ಟಿಗೆಯನ್ನು, ಆ ಟೇಪ್ ಡ್ರೈವನ್ನು, ನಡೆಸುವ ಕೋಡನ್ನು ಕಿತ್ತುಹಾಕುತ್ತೀರಂತೆ. "ಯಾರೂ ಬಳಸಲ್ಲ ಮಾಮ, ಸರಿಮಾಡಿ ನೋಡೋಣ ಅಂದ್ರೆ ನಮ್ಮಲ್ಲಿ ಯಾರ ಹತ್ರಾನೂ ಆ ಡ್ರೈವೇ ಇಲ್ಲ" ಅಂದೆ. ಯಾರೂ ಬಳಸುವುದಿಲ್ಲವೇ? ಹಾಗಾದರೆ ನೀರು ಸರಬರಾಜು ಕಚೇರಿಯಲ್ಲಿ ದಿನವೂ ಅದರ ಮುಂದೆ ಕೂರುವ ನಾನೇನು ದೆವ್ವವೇ? ಈ ಊರಿನ ನೆಲದಡಿಯ ಪೈಪುಗಳ ನಕ್ಷೆಯೆಲ್ಲ ಆ ಟೇಪುಗಳಲ್ಲಿದೆ. ಅಲ್ಲೇ ಕೆಲಸ ಮಾಡುತ್ತಿದ್ದಾಗ ಬರೆದವಳು ನಿನ್ನ ಅಮ್ಮ. ಕಾಗದದ ಪ್ರತಿಗಳು ಗೆದ್ದಲಿನ ಹೊಟ್ಟೆ ಸೇರಿ ಯಾವ ಕಾಲವಾಯಿತೋ. ಹೊಸ ಸಾಹೇಬರು "ಓದೋಕೆ ಬರಲ್ಲ ಅಂದ್ರೆ ಗುಜರಿಗೆ ಹಾಕ್ರಿ" ಅನ್ನುತ್ತಿದ್ದಾರೆ. ಹಾಕಲಿ, ಆಮೇಲೆ ಒಂದು ಪೈಪು ಒಡೆದರೆ ಬೀದಿಗೆ ಬೀದಿಯನ್ನೇ ಅಗೆಯಲಿ!

ಹಳೇ ಕಂಪ್ಯೂಟರು ಕಣ್ಣು ಮುಚ್ಚಿದ ಮೇಲೆ ಹೊಸದಕ್ಕೆ ಡ್ರೈವನ್ನು ಜೋಡಿಸಿದೆನಲ್ಲ, ಆಗ ಶುರುವಾಯಿತು ಅದರ ಕುಣಿತ. ಟೇಪು ಮುಂದಕ್ಕೆ ಓಡುತ್ತದೆ, ನಿಲ್ಲುತ್ತದೆ, ಹಿಂದಕ್ಕೆ ಬರುತ್ತದೆ, ಮತ್ತೆ ಓಡುತ್ತದೆ. ಟೇಪಿಗೆ ಕೊಳೆ ಹಿಡಿದಿದೆ ಎಂದು ನಾನು ಒರೆಸಿದ್ದೇ ಒರೆಸಿದ್ದು. ನೀನು ಫೋನಿನಲ್ಲಿ ಸದ್ದು ಕೇಳಿಯೇ "ಟೇಪಿನ ತಪ್ಪಲ್ಲ ಮಾಮ, ಕರ್ನಲ್ ತಡವಾಗಿ ಕೈ ಚಾಚ್ತಿದೆ" ಅಂದೆ. ಸೋದರಮಾವನ ಕಿವಿ ಬಂದಿದೆ ನಿನಗೆ! ಟೇಪು ಓಡುತ್ತಲೇ ತನ್ನಲ್ಲಿರುವುದನ್ನು ಎಸೆಯುತ್ತದೆ, ಹಿಡಿಯುವವನು ತಪ್ಪಿಸಿದರೆ ಹಿಂದಕ್ಕೆ ಬಂದು ಮತ್ತೆ ಎಸೆಯಬೇಕು. ಕೆಳಗಿನವನು ಇಟ್ಟಿಗೆ ಎಸೆದ ಮೇಲೆ ಸಾರುವೆ ಮೇಲಿನವನು ಮೂಗು ಕೆರೆಯುತ್ತಾ ನಿಲ್ಲಬಹುದೇ? ಮೇಸ್ತ್ರಿ ಉಳಿದ ಕೆಲಸ ಬದಿಗಿಟ್ಟು ಮೊದಲು ಇಟ್ಟಿಗೆ ಹಿಡಿಯಬೇಕು. ಅಷ್ಟನ್ನು ಅವನಿಗೆ ಕಲಿಸುವ ಬದಲು, ಇಟ್ಟಿಗೆಯೇ ಬೇಡ ಅನ್ನುವವರ ಮಾತಿಗೆ ನೀನು ತಲೆಯಾಡಿಸುತ್ತೀಯಾ? ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರೂ ತಲೆ ತಗ್ಗಿಸದ ವಂಶ ನಮ್ಮದು. ವಂಶ ಅಂದರೆ ಮುಖ್ಯವಾಗಿ ನಾನು.

ಡ್ರೈವಿಲ್ಲ ಎಂಬ ನೆಪ ಇನ್ನು ನಡೆಯುವುದಿಲ್ಲ. ಡ್ರೈವನ್ನೂ ಒಂದು ಟೇಪನ್ನೂ ಮನೆಗೆ ತಂದಿದ್ದೇನೆ, ನಾಳೆ ಪಾರ್ಸೆಲ್ ಮಾಡುತ್ತೇನೆ. ಸಾಹೇಬರ ಅಪ್ಪಣೆಯೇ? ಗುಜರಿ ಎಂದವರೇ ಅವರು, ಗುಜರಿಗೆ ಯಾರ ಅಪ್ಪಣೆ ಬೇಕು! ನಿನ್ನ ಅಮ್ಮ ಮಾತ್ರ ಹೊಲಿಗೆಯಿಂದ ತಲೆ ಎತ್ತದೆ "ಹೋಗ್ಲಿ ಬಿಡೋ, ಹಳೇ ಗೆರೆಗಳು. ಮಗೂನ ಯಾಕೆ ಕಾಡ್ತೀಯ" ಅನ್ನುತ್ತಾಳೆ. ನಾನು ಬಿಡುವವನಲ್ಲ.

ಬೆನ್ನು ನೆಟ್ಟಗಿಟ್ಟು ಕೂರು. ಕುರ್ಚಿಯಲ್ಲೂ, ಆ ಕೋಡು ಕೀಳೋಣ ಎನ್ನುವವರ ಸಭೆಯಲ್ಲೂ.

ಇಂತಿ,
ಇನ್ನೂ ಬಳಸುತ್ತಿರುವ ನಿನ್ನ ಮಾಮ

ತಾ.ಕ.: ಮೇಜಿನ ಮೇಲೆ ಡ್ರೈವಿಲ್ಲ! ನಿನ್ನ ಅಮ್ಮ ಅದನ್ನು ತನ್ನ ಶಾಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಸಂಜೆ ಬಸ್ಸಿಗಂತೆ. "ಪಾರ್ಸೆಲ್‌ನೋರು ಎತ್ತಿ ಒಗೀತಾರೆ, ತೊಡೆ ಮೇಲಿಟ್ಕೊಂಡು ನಾನೇ ಅವಳ ಹತ್ರ ಹೋಗ್ತೀನಿ. ಆ ಕೋಡು ಅಳಿಸೋದಾದ್ರೆ ನನ್ನೆದುರಿಗೇ ಅಳಿಸ್ಲಿ." ಕಾಗದವೂ ಅವಳ ಕೈಯಲ್ಲೇ ಬರುತ್ತಿದೆ. ಓದಿ ಮುಗಿದಿದ್ದರೆ ತಲೆ ಎತ್ತಿ ನೋಡು.